ದುರ್ಯೋಧನನ ವಾಟ್ಸಾಪ್ ಸ್ಟೇಟಸ್

ರನ್ನನ ‘ಗದಾಯುದ್ಧ’ ಪಾಠ ಮಾಡುವಾಗ ನಾನು ಮಕ್ಕಳಿಂದ ದುರ್ಯೋಧನನ ವಾಟ್ಸಾಪ್ ಸ್ಟೇಟಸ್ ಬರೆಸುತ್ತೇನೆ. ಫೋನ್ ಬೇಡ, ನೋಟ್‌ಬುಕ್ಕಿನ ಹಾಳೆ ಸಾಕು. ಅವನು ಸಂಜಯನ ಜೊತೆ ರಣರಂಗದಲ್ಲಿ ನಡೆಯುವ ಭಾಗವನ್ನೇ ಕೊಡಿ. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ: ಒಂದೊಂದು ಶವದ ಮುಂದೆ ಒಂದೊಂದು ಸ್ಟೇಟಸ್, ಎರಡೇ ಸಾಲು. ಕೆಳಗೆ ಅದಕ್ಕೆ ಆಧಾರವಾದ ಪದ್ಯದ ಸಾಲು ಬರೆಯಲೇಬೇಕು. ಇಲ್ಲದಿದ್ದರೆ ಸುಮ್ನೆ ಇಮೋಜಿ ಜಾಸ್ತಿ ಆಗುತ್ತದೆ, ಅಲ್ವಾ?

ಆಮೇಲೆ ಮುಖ್ಯ ಪ್ರಶ್ನೆ. ಇದನ್ನು ಅವನು ಯಾರಿಗೆ ಕಾಣದಂತೆ ಇಡುತ್ತಾನೆ? ಅರ್ಜುನನ ಮಗನನ್ನು ಹೊಗಳಿದ್ದು ಭೀಮನಿಗೆ ಕಾಣಬೇಕಾ? ಕರ್ಣನಿಗಾಗಿ ಅತ್ತಿದ್ದು ಧರ್ಮರಾಯನಿಗೆ? ಛಲ ಎಲ್ಲಿ, ಸಂಕಟ ಎಲ್ಲಿ ಎಂದು ಮಕ್ಕಳೇ ಜಗಳ ಆಡುತ್ತಾರೆ. ಆಡಲಿ ಬಿಡಿ. ಅಂಕ ಕೊಡುವಾಗ ಬಣ್ಣದ ಚಿತ್ರ ನೋಡಬೇಡಿ, ‘ಯಾಕೆ’ ಎಂಬುದಕ್ಕೆ ಬರೆದ ಉತ್ತರ ನೋಡಿ.