ಪೋರ್ಟ್ ತೆರೆದಿರುತ್ತದೆ, ಉತ್ತರ ಬರುವುದಿಲ್ಲ: ಶಿರಸಿಯಲ್ಲಿ ಗ್ರಾಫ್ ಡೇಟಾಬೇಸ್ ಕಾದ ಅನುಭವ

ನಿಯೋಫೋರ್‌ಜೆ ಅನ್ನುವ ಗ್ರಾಫ್ ಡೇಟಾಬೇಸಿನ (ವಿಷಯಗಳ ಜೊತೆ ಅವುಗಳ ನಡುವಿನ ಕೊಂಡಿಗಳನ್ನೂ ಇಡುವಂಥದ್ದು) ಪುಕ್ಕಟೆ ಕಮ್ಯುನಿಟಿ ಆವೃತ್ತಿ ಇಟ್ಟುಕೊಂಡು ಸರ್ವರಿನ ಆರೋಗ್ಯ ಕಾಯಲಿಕ್ಕೆ ಆಗುವುದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮೆಟ್ರಿಕ್ಸ್ (ಒಳಗಿನ ಅಳತೆಯ ಅಂಕಿ) ಇಲ್ಲ, ಕ್ವೆರಿ ಲಾಗ್ (ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳ ದಾಖಲೆ) ಇಲ್ಲ, ಅವೆಲ್ಲ ದುಡ್ಡು ಕೊಟ್ಟು ಕೊಳ್ಳುವ ಎಂಟರ್‌ಪ್ರೈಸಿಗೆ ಮಾತ್ರ, ಏನನ್ನು ನೋಡ್ತೀಯ ಅಂತ ಹುಬ್ಬಳ್ಳಿಯ ಗೆಳೆಯರು ಕೇಳಿದ್ದರು. ಈಗಿನ ಕಾವಲು ಹಾಕಿ ಹದಿನಾಲ್ಕು ತಿಂಗಳಾಯಿತು. ಅಡಿಕೆ ಸಂಸ್ಥೆಯ ಕೌಂಟರಿನವರು ನನಗೆ ಫೋನ್ ಮಾಡುವ ಮೊದಲೇ ಪ್ರತಿ ಸಲ ನನಗೆ ವಿಷಯ ಗೊತ್ತಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇಷ್ಟು. ಅಡಿಕೆ ವ್ಯವಹಾರದ ಒಂದು ಸಂಸ್ಥೆಗೆ ನಾನು ಸರ್ವರ್ ನೋಡಿಕೊಳ್ಳುತ್ತೇನೆ. ಯಾವ ಬೆಳೆಗಾರರ ಚಾಲಿ (ಒಣಗಿಸಿ ಸುಲಿದ ಅಡಿಕೆ) ಯಾವ ಲಾಟಿಗೆ ಬಿತ್ತು, ಆ ಲಾಟು ಯಾವ ವ್ಯಾಪಾರಿಗೆ ಹೋಯಿತು, ಯಾವ ಲಾರಿಗೆ ಏರಿತು, ಎಲ್ಲ ಗ್ರಾಫಿನಲ್ಲಿದೆ. ಹತ್ತಿರ ಹತ್ತಿರ 60 ಲಕ್ಷ ಕೊಂಡಿ, ಅಂದರೆ ರಿಲೇಶನ್‌ಶಿಪ್. ಒಂದೇ ಮಶಿನು, 16 ಜಿಬಿ ರ್‍ಯಾಮ್. ಟೆಂಡರ್ ಹೊತ್ತಿನಲ್ಲಿ ಅದು ನಿಂತರೆ ಇಡೀ ಅಂಗಳ ನಿಂತ ಹಾಗೆ.

ಮೊದಲ ವರ್ಷ ನಾನು ಎಲ್ಲರಂತೆ 7474, 7687 ಪೋರ್ಟ್ (ಡೇಟಾಬೇಸಿಗೆ ಸಂಪರ್ಕ ಬರುವ ಬಾಗಿಲು) ತೆರೆದಿದೆಯೋ ನೋಡುತ್ತಿದ್ದೆ. ಒಂದು ದಿನ ಹನ್ನೊಂದರ ಸುಮಾರಿಗೆ ಕೌಂಟರಿನ ಹಿರಿಯರ ಫೋನ್: "ತಮಾ, ಚಕ್ರ ತಿರುಗ್ತಾನೇ ಇದೆ, ಏನೂ ಬರ್ತಾ ಇಲ್ಲ." ನನ್ನ ಪರದೆಯಲ್ಲಿ ಎಲ್ಲ ಹಸಿರು. ಎರಡೂ ಪೋರ್ಟ್ ತೆರೆದೇ ಇದ್ದವು. ಒಳಗೆ ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿ ಖಾಲಿ ಮಾಡುವ ಕೆಲಸ) ಡೇಟಾಬೇಸ್ ಓಡುವ ಜಾವಾವನ್ನು ಹಿಡಿದು ನಿಲ್ಲಿಸಿತ್ತು. ಡಿಬಗ್ ಲಾಗ್ ತೆರೆದರೆ ‘ಸ್ಟಾಪ್ ದ ವರ್ಲ್ಡ್ ಪಾಝ್’ (ಎಲ್ಲ ಕೆಲಸ ನಿಂತ ಬಿಡುವು) ಅಂತ ಸಾಲು ಸಾಲು, ಪಕ್ಕದಲ್ಲೇ ಮಿಲಿಸೆಕೆಂಡ್ ಲೆಕ್ಕ. ಒಂದೊಂದು ಆರೇಳು ಸಾವಿರ. ಕಮ್ಯುನಿಟಿಯಲ್ಲೂ ಈ ಸಾಲು ಪುಕ್ಕಟೆ ಸಿಗುತ್ತದೆ, ನಾನು ನೋಡಿರಲೇ ಇಲ್ಲ.

ಆಮೇಲೆ ರ್‍ಯಾಮ್ ಬಳಕೆಗೆ ಎಚ್ಚರಿಕೆ ಹಾಕಿದೆ. ಅದು ದಂಡ. ಹೀಪ್ (ಜಾವಾದ ಕೆಲಸದ ಮೆಮೊರಿ), ಪೇಜ್ ಕ್ಯಾಶ್ (ಡಿಸ್ಕಿನ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಎರಡೂ ಜಾಗ ಹಿಡಿದುಕೊಂಡು ಕೂರುವ ಸ್ವಭಾವದವು, ರ್‍ಯಾಮ್ ಯಾವತ್ತೂ ಶೇಕಡಾ 85ರ ಮೇಲೇ ಇರುತ್ತದೆ. ರಾತ್ರಿಯಿಡೀ ಸುಮ್ನೆ ಎಚ್ಚರಿಕೆ. ಸಿಟ್ಟಿಗೆ ಹೀಪನ್ನು 12 ಜಿಬಿಗೆ ಏರಿಸಿದೆ. ಪೇಜ್ ಕ್ಯಾಶ್ ಹೀಪಿನ ಹೊರಗಿರುತ್ತದೆ ಅಂತ ಗೊತ್ತಿದ್ದೂ ಮಾಡಿದ ತಪ್ಪು ಅದು. ಎರಡು ದಿನದಲ್ಲಿ ಲಿನಕ್ಸ್ ತಾನೇ ಪ್ರೊಸೆಸ್ ಕೊಂದು ಹಾಕಿತು. ಈಗ ಹೀಪ್ 4 ಜಿಬಿ, ಪೇಜ್ ಕ್ಯಾಶ್ 8, ಉಳಿದದ್ದು ಆಪರೇಟಿಂಗ್ ಸಿಸ್ಟಮ್ಮಿಗೆ.

ಮೂರನೆಯ ಸೋಲು ನನಗೆ ಜಾಸ್ತಿ ಕಲಿಸಿತು. ಪೋರ್ಟ್ ಬೇಡ, ಕ್ವೆರಿಯನ್ನೇ ಕೇಳೋಣ ಅಂತ ನಿಮಿಷಕ್ಕೊಮ್ಮೆ ಒಟ್ಟು ನೋಡ್ (ಬೆಳೆಗಾರ, ಲಾಟು ಹೀಗೆ ಗ್ರಾಫಿನ ಒಂದೊಂದು ಬಿಂದು) ಎಷ್ಟು ಅಂತ ಎಣಿಸುವ ಕ್ವೆರಿ ಬಿಟ್ಟೆ. ಯಾವಾಗಲೂ ಐದಾರು ಮಿಲಿಸೆಕೆಂಡಿನಲ್ಲಿ ಉತ್ತರ. ಖುಷಿಯಾಗಿದ್ದೆ. ಆದರೆ ಕೌಂಟರಿನಲ್ಲಿ ಒಂದು ಲಾಟು ತೆರೆಯಲಿಕ್ಕೆ ಇಪ್ಪತ್ತು ಸೆಕೆಂಡ್ ಹಿಡಿಯುತ್ತಿದ್ದ ದಿನವೂ ಅದೇ ಐದಾರು! ಪ್ರೊಫೈಲ್ (ಕ್ವೆರಿ ಒಳಗೆ ಏನು ಮಾಡುತ್ತದೆ ಅಂತ ತೋರಿಸುವ ಆದೇಶ) ಹಾಕಿ ನೋಡಿದಾಗ ಗೊತ್ತಾಯಿತು, ಆ ಎಣಿಕೆ ಮೊದಲೇ ಲೆಕ್ಕ ಇಟ್ಟಿರುವ ಕೌಂಟ್ ಸ್ಟೋರಿನಿಂದ ಬರುತ್ತದೆ. ಗ್ರಾಫನ್ನು ಮುಟ್ಟುವುದೇ ಇಲ್ಲ. ಲೇಬಲ್ (ನೋಡಿನ ಬಗೆ) ಹಾಕಿ ಎಣಿಸಿದರೂ ಅಷ್ಟೇ. ನಿಮ್ಮಲ್ಲಿ ಎಷ್ಟೋ ಜನ ಈಗಲೂ ಅದನ್ನೇ ಓಡಿಸುತ್ತಿದ್ದೀರಿ, ಅಲ್ವಾ? ಇವತ್ತೇ ತೆಗೆಯಿರಿ.

ಕೊನೆಗೆ ಹಿಡಿದ ದಾರಿ ಹೀಗಿದೆ. ಕೌಂಟರಿನ ಹುಡುಗ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಬೇಕು. ಒಬ್ಬ ಬೆಳೆಗಾರನಿಂದ ಹೊರಟು ಲಾಟು, ವ್ಯಾಪಾರಿ, ಲಾರಿ ಅಂತ ಮೂರು ಹೆಜ್ಜೆ ನಡೆಯುವ ಕ್ವೆರಿ, ಬೋಲ್ಟ್ (ಡೇಟಾಬೇಸಿನ ಜೊತೆ ಮಾತಾಡುವ ಪ್ರೊಟೊಕಾಲ್) ಮೂಲಕ, ನಿಮಿಷಕ್ಕೊಮ್ಮೆ. ಸಾಮಾನ್ಯವಾಗಿ 40-50 ಮಿಲಿಸೆಕೆಂಡ್. ಇಷ್ಟು ದಾಟಿದರೆ ಎಚ್ಚರಿಕೆ ಅಂತ ಗೆರೆ ಎಳೆಯಲಿಲ್ಲ. ಅದೇ ಗಂಟೆಯಲ್ಲಿ ಕಳೆದ ಏಳು ದಿನ ಎಷ್ಟಿತ್ತೋ ಅದಕ್ಕೆ ಹೋಲಿಸುತ್ತೇನೆ. ಮೂರು ಸಲ ಬೆನ್ನುಬೆನ್ನಿಗೆ ಮೂರು ಪಟ್ಟಾದರೆ ಮಾತ್ರ ನನ್ನನ್ನು ಎಬ್ಬಿಸುತ್ತದೆ. ಯಾವ ಬೆಳೆಗಾರರ ನೋಡಿನಿಂದ ಹೊರಡಬೇಕು, ಅದನ್ನು ಹೇಗೆ ಬದಲಾಯಿಸುತ್ತ ಹೋಗಬೇಕು ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಾಲ್ಕು ತಿಂಗಳು ಹೋಗಿದೆ.

ಓದುವುದಷ್ಟೇ ಸಾಲದು. ಒಮ್ಮೆ ಟ್ರಾನ್ಸಾಕ್ಷನ್ ಲಾಗ್ (ಪ್ರತಿ ಬದಲಾವಣೆಯ ದಾಖಲೆ) ತುಂಬಿ ಡಿಸ್ಕಿನಲ್ಲಿ ಜಾಗವಿಲ್ಲದೆ ಬರೆಯುವುದು ನಿಂತಿತ್ತು, ಓದುವುದು ಮಾತ್ರ ಚೆನ್ನಾಗಿ ನಡೆದಿತ್ತು. ಹಾಗಾಗಿ ಬರೆಯುವ ಪರೀಕ್ಷೆಯೂ ಸೇರಿಸಿದೆ. ಮೊದಲು ಪ್ರತಿ ಸಲ ಹೊಸ ನೋಡ್ ಮಾಡುತ್ತಿದ್ದೆ. ಮೂರು ತಿಂಗಳಲ್ಲಿ ಲಕ್ಷದ ಮೇಲೆ ಕಸ ಸೇರಿತು. ಈಗ ಒಂದೇ ನೋಡ್, ಅದರ ಮೇಲೆ ಹೊತ್ತು ಬದಲಾಯಿಸುವುದು ಅಷ್ಟೇ. ಲಾಗ್ ಎಷ್ಟು ದಿನ ಉಳಿಯಬೇಕು ಅನ್ನುವುದನ್ನೂ ಬಿಗಿ ಮಾಡಿದೆ.

ನಿಧಾನವಾದ ಕಾರಣ ಹುಡುಕಲಿಕ್ಕೆ ಎಚ್ಚರಿಕೆ ಬಂದ ಕ್ಷಣವೇ ನಡೆಯುತ್ತಿರುವ ಟ್ರಾನ್ಸಾಕ್ಷನ್ ಪಟ್ಟಿಯನ್ನು ಫೈಲಿಗೆ ಇಳಿಸುತ್ತೇನೆ. ಹತ್ತರಲ್ಲಿ ಏಳು ಸಲ ಕಳ್ಳ ಒಬ್ಬನೇ: ಎಷ್ಟು ಹೆಜ್ಜೆ ಅಂತ ಮಿತಿ ಇಲ್ಲದ ಪಾತ್ ಕ್ವೆರಿ. ನಮ್ಮಲ್ಲಿ ಒಬ್ಬ ದೊಡ್ಡ ವ್ಯಾಪಾರಿಯ ನೋಡಿಗೆ 40 ಸಾವಿರದ ಹತ್ತಿರ ರಿಲೇಶನ್‌ಶಿಪ್ ಇದೆ. ಮಿತಿಯಿಲ್ಲದೆ ಅಲ್ಲಿ ಕಾಲಿಟ್ಟರೆ ಮುಗಿಯಿತು. ಟ್ರಾನ್ಸಾಕ್ಷನ್ನಿಗೆ 30 ಸೆಕೆಂಡ್ ಟೈಮ್‌ಔಟ್ ಹಾಕಿದ ಮೇಲೆ ಅರ್ಧ ತಲೆನೋವು ಹೋಯಿತು.

ಇದನ್ನೆಲ್ಲ ಕೇಳುವುದು ಬೇರೆ ಕೋಣೆಯಲ್ಲಿರುವ ಅಂಗೈಯಗಲದ ಕಂಪ್ಯೂಟರ್, ರಾಸ್ಪ್‌ಬೆರಿ ಪೈ. ಸರ್ವರಿನೊಳಗೇ ಕಾವಲು ಇಟ್ಟರೆ ಅದರ ಜೊತೆಗೇ ಅದೂ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಇಂಟರ್ನೆಟ್ಟನ್ನು ನಂಬಲಿಕ್ಕಾಗುವುದಿಲ್ಲ. ತೋಟದ ಪಂಪಿನ ಮೊಬೈಲ್ ಸ್ಟಾರ್ಟರ್ ನೋಡಿ ಉಪಾಯ ಹೊಳೆಯಿತು. ಒಂದು ಜಿಎಸ್‌ಎಂ ಮಾಡ್ಯೂಲ್ (ಸಿಮ್ ಹಾಕುವ ಪುಟ್ಟ ಫೋನ್ ಬೋರ್ಡು) ಹಾಕಿ ಪೈಯಿಂದಲೇ ಮಿಸ್ ಕಾಲ್ ಕೊಡಿಸಿದೆ. 2ಜಿ ಸಿಗುವ ಸಿಮ್ ಬೇಕು, ಮರೆಯಬೇಡಿ. ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಅದೂ ಕೈಕೊಟ್ಟಿತು. ಊರಲ್ಲಿ ಅಷ್ಟು ಜನ, ಕಾಲ್ ಹೋಗುತ್ತಲೇ ಇರಲಿಲ್ಲ. ಆಗಿನಿಂದ ರಿಲೇ (ಪೈ ಹಾಕಿ ತೆಗೆಯುವ ಸ್ವಿಚ್ಚು) ಹಾಕಿ ವಾಚ್‌ಮನ್ ಕೋಣೆಯಲ್ಲಿ ಒಂದು ಕೆಂಪು ಬಲ್ಬೂ ಇದೆ. ನಡುವೆ ಹಳೆಯ ಟಿವಿಯಲ್ಲಿ ಗ್ರಾಫಾನಾ (ಅಂಕಿಗಳನ್ನು ಗೆರೆಚಿತ್ರವಾಗಿ ತೋರಿಸುವ ತಂತ್ರಾಂಶ) ಹಾಕಿ ಆಫೀಸಿನಲ್ಲಿ ನೇತುಹಾಕಿದ್ದೆ. ಯಾರೂ ನೋಡಲಿಲ್ಲ, ತೆಗೆದೆ.

ಖರ್ಚು: ಪೈ, ಕಾರ್ಡು, ಡಬ್ಬಿ ಸೇರಿ ಏಳು ಸಾವಿರದ ಹತ್ತಿರ. ಮಾಡ್ಯೂಲು, ರಿಲೇ, ಬಲ್ಬು ಸಾವಿರದೊಳಗೆ. ಯುಪಿಎಸ್ ಬ್ಯಾಟರಿಗೆ ಇಪ್ಪತ್ತೆಂಟು ಸಾವಿರ, ಅದೇ ದೊಡ್ಡದು. ಹೊರಗಿನವರೊಬ್ಬರು ಬರೀ ಕಾವಲಿಗೆ ತಿಂಗಳಿಗೆ ಆರೇಳು ಸಾವಿರ ಕೇಳಿದ್ದರು.

ಕಳೆದ ಜುಲೈಯಲ್ಲಿ ಸಿಡಿಲಿಗೆ ಕರೆಂಟು ಹೋಗಿ, ಬ್ಯಾಟರಿಯೂ ಮುಗಿದು, ಕರೆಂಟು ಮರಳಿದ ಮೇಲೆ ಬೆಳಗಿನ ಜಾವ ಮೂರರ ಸುಮಾರಿಗೆ ಸರ್ವರ್ ತಾನೇ ಎದ್ದಿತ್ತು. ಮಿಸ್ ಕಾಲ್ ಬಂತು. ನೋಡಿದರೆ ನನ್ನ ಕ್ವೆರಿಗೆ ನಾಲ್ಕು ಸೆಕೆಂಡ್. ಪೇಜ್ ಕ್ಯಾಶ್ ಖಾಲಿ. ತಾನೇ ಬಿಸಿ ಮಾಡಿಕೊಳ್ಳುವ, ಅಂದರೆ ಡಿಸ್ಕಿನ ಡೇಟಾವನ್ನು ಮತ್ತೆ ಕ್ಯಾಶಿಗೆ ತುಂಬಿಕೊಳ್ಳುವ ಸೌಲಭ್ಯ ಕಮ್ಯುನಿಟಿಯಲ್ಲಿ ಇಲ್ಲ, ಅದಕ್ಕೆ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಯಾವುದನ್ನು ಮೊದಲು ಓದಿಸಬೇಕು ಅನ್ನುವ ಕ್ರಮದಲ್ಲೇ ಅದರ ಗುಟ್ಟಿದೆ, ಅದನ್ನೂ ಹೇಳುವುದಿಲ್ಲ. ಹಾಸಿಗೆಯಲ್ಲೇ ಕೂತು ಓಡಿಸಿದೆ. ನಾಲ್ಕು ಸೆಕೆಂಡ್ ಎರಡಾಯಿತು, ಒಂದಾಯಿತು, ಹೊರಗೆ ಮಳೆ ಬಿಡುವ ಹೊತ್ತಿಗೆ 300 ಮಿಲಿಸೆಕೆಂಡ್. ಒಂಬತ್ತೂವರೆಗೆ ಕೌಂಟರ್ ತೆರೆದಾಗ 46 ತೋರಿಸುತ್ತಿತ್ತು. ರಾತ್ರಿ ಸರ್ವರ್ ಬಿದ್ದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.