ಕ್ಯಾನ್ಸರ್ ನೆರವಿಗಾಗಿ ದೂರದ ಓಟ: ಸಿದ್ಧತೆಯೂ ನಿಧಿಸಂಗ್ರಹವೂ

1980ರಲ್ಲಿ ಕೆನಡಾದ ಟೆರಿ ಫಾಕ್ಸ್, ಮೂಳೆ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡಿದ್ದರೂ, ಸಂಶೋಧನೆಗೆ ಹಣ ಕೂಡಿಸಲೆಂದು ಕೃತಕ ಕಾಲಿನಲ್ಲಿ 143 ದಿನ ಓಡಿ 5,373 ಕಿಲೋಮೀಟರ್ ಕ್ರಮಿಸಿದರು. ಇಂಥ ಸವಾಲನ್ನು ಕೈಗೆತ್ತಿಕೊಳ್ಳುವವರು, ಹಣವು ಸಂಶೋಧನೆಗೆ ಸಲ್ಲಬೇಕೋ ರೋಗಿಗಳ ಪ್ರಯಾಣ, ವಸತಿ, ಆಪ್ತಸಲಹೆಗಳಿಗೆ ಸಲ್ಲಬೇಕೋ ಎಂಬುದನ್ನು ಮೊದಲು ನಿರ್ಧರಿಸಿ, ಆ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯಬೇಕು. ದೇಣಿಗೆ ನೇರವಾಗಿ ಸಂಸ್ಥೆಯ ಖಾತೆಗೇ ಸೇರುವುದು ಉತ್ತಮ. ಪ್ರವೇಶ ಶುಲ್ಕವನ್ನು ಸ್ವಂತ ಹಣದಿಂದ ಭರಿಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಗೌರವಯುತವಾದ ಕ್ರಮ. ಅದು ಸಾಧ್ಯವಾಗದಿದ್ದರೆ ದಾನಿಗಳಿಗೆ ಮೊದಲೇ ತಿಳಿಸಬೇಕು.

42.195 ಕಿಲೋಮೀಟರಿನ ಮ್ಯಾರಥಾನಿಗೆ, ಈಗಾಗಲೇ ಓಡುವ ಅಭ್ಯಾಸವಿರುವವರಿಗೂ ಸಾಮಾನ್ಯವಾಗಿ 16ರಿಂದ 20 ವಾರಗಳ ತರಬೇತಿ ಬೇಕಾಗುತ್ತದೆ. ವಾರಕ್ಕೊಮ್ಮೆ ದೀರ್ಘ ಓಟವಿರಲಿ. ದೂರವನ್ನು ನಿಧಾನವಾಗಿ ಹೆಚ್ಚಿಸಿ, ಕೊನೆಯ ಎರಡು ಮೂರು ವಾರ ತಗ್ಗಿಸಬೇಕು. ಓಟದ ದಿನ ಬಾಯಾರಿಕೆಯನ್ನು ಮೀರಿ ನೀರು ಕುಡಿದರೆ ರಕ್ತದ ಸೋಡಿಯಂ ಮಟ್ಟ ಅಪಾಯಕರವಾಗಿ ಕುಸಿಯಬಹುದು. ಚಿಕಿತ್ಸೆಯಲ್ಲಿರುವವರು ಅಥವಾ ಇತ್ತೀಚೆಗೆ ಚಿಕಿತ್ಸೆ ಮುಗಿಸಿದವರು ತಮ್ಮ ವೈದ್ಯರ ಅನುಮತಿಯಿಲ್ಲದೆ ತರಬೇತಿ ಆರಂಭಿಸಬಾರದು.

ಮೊದಲ ದೇಣಿಗೆಯನ್ನು ಆಪ್ತರಿಂದಲೇ ಕೇಳಿ, ತರಬೇತಿಯ ಪ್ರಗತಿಯನ್ನು ಆಗಾಗ ತಿಳಿಸುತ್ತಿರಿ. ರೋಗಿಯೊಬ್ಬರ ಕಥೆಯನ್ನೋ ಚಿತ್ರವನ್ನೋ ಬಳಸುವ ಮುನ್ನ ಅವರ ಸ್ಪಷ್ಟ ಸಮ್ಮತಿ ಪಡೆಯಲೇಬೇಕು. ಓಟ ಮುಗಿದ ಬಳಿಕವೂ ಕೆಲವರು ಕೊಡಲು ಮುಂದಾಗುವುದರಿಂದ, ಕೆಲವು ವಾರ ಸಂಗ್ರಹವನ್ನು ತೆರೆದಿಟ್ಟು, ಅನಂತರ ಒಟ್ಟು ಮೊತ್ತದ ಲೆಕ್ಕವನ್ನು ಎಲ್ಲ ದಾನಿಗಳಿಗೂ ಕಳುಹಿಸಿ.