ಧಾರೆ ಮುಹೂರ್ತಕ್ಕೆ ಒದಗುವುದೇ ಈ ದುಬಾರಿ ಕ್ಯಾಮೆರಾ? ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ

ಅಂತರಪಟ ಸರಿದು, ವಧೂವರರು ಪರಸ್ಪರರ ನೆತ್ತಿಯ ಮೇಲೆ ಜೀರಿಗೆ ಬೆಲ್ಲ ಇಡುವ ಗಳಿಗೆ ಹೆಚ್ಚೆಂದರೆ ನಾಲ್ಕು ಸೆಕೆಂಡು. ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ, ಧೂಪದ ಹೊಗೆ ಅಡ್ಡ ಬರುತ್ತದೆ, ಸೋದರಮಾವ ಮುಂದಕ್ಕೆ ಬಾಗುತ್ತಾರೆ, ಹಿಂದೆ ಎಲ್‌ಇಡಿ ಸರಗಳು ಮಿನುಗುತ್ತಿರುತ್ತವೆ. ಮದುವೆ ಫೋಟೊಗಳನ್ನೇ ನಂಬಿ ಬದುಕುವ ನಮ್ಮಂಥವರಿಗೆ ಕ್ಯಾಮೆರಾದ ಯೋಗ್ಯತೆ ಗೊತ್ತಾಗುವುದು ಅಲ್ಲಿ, ಅಂಗಡಿಯ ಗಾಜಿನ ಕಪಾಟಿನ ಮುಂದೆ ಅಲ್ಲ.

ಒಳಗೆ ಕನ್ನಡಿ ಇಲ್ಲದ ಮೇಲ್ದರ್ಜೆಯ ಮಿರರ್‌ಲೆಸ್ ಕ್ಯಾಮೆರಾಗಳು ಕೆಲವೇ ವರ್ಷಗಳಲ್ಲಿ ಬಹಳ ಮುಂದೆ ಬಂದಿವೆ. 2021ರ ಅಕ್ಟೋಬರ್‌ನಲ್ಲಿ ಬಂದ ನಿಕಾನ್ ಝಡ್9 ಯಾಂತ್ರಿಕ ಶಟರನ್ನೇ ಕೈಬಿಟ್ಟಿತು. 2023ರ ನವೆಂಬರ್‌ನಲ್ಲಿ ಪ್ರಕಟವಾದ ಸೋನಿ ಆಲ್ಫಾ 9ರ ಮೂರನೇ ಆವೃತ್ತಿಯಲ್ಲಿ, ಬೆಳಕನ್ನು ಚಿತ್ರವಾಗಿಸುವ ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುವ ಗ್ಲೋಬಲ್ ಶಟರ್ ಫುಲ್‌ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಮಿರರ್‌ಲೆಸ್‌ಗೆ ಮೊದಲ ಬಾರಿ ಬಂತು. ಬಾಡಿ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾ, ಒಂದಕ್ಕೇ ನಾಲ್ಕೈದು ಲಕ್ಷದ ಆಸುಪಾಸು. ಇಷ್ಟು ಹಣ ಹಾಕುವುದು ನಮ್ಮ ಕೆಲಸಕ್ಕೆ ತಕ್ಕುದೇ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಕ್ಯಾಮೆರಾವನ್ನು ಅಳೆಯುವ ಮೊದಲು ನಿಮ್ಮ ಕೆಲಸವನ್ನು ಅಳೆಯಿರಿ.

ಮೊದಲು ಆಲ್ಬಂ ತೆರೆಯಿರಿ

ಕಳೆದ ವರ್ಷ ನೀವು ಕೊಟ್ಟ ಹತ್ತು ಆಲ್ಬಂಗಳನ್ನು ಮುಂದೆ ಇಟ್ಟುಕೊಳ್ಳಿ. ನಮ್ಮಲ್ಲಿ ಹೆಚ್ಚು ಓಡುವುದು 12×36 ಇಂಚಿನ, ಕರಿಜ್ಮಾ ಎನ್ನುವ ಆಲ್ಬಂ ಹಾಳೆ. ಅದರ ಅರ್ಧ, ಅಂದರೆ 12×18 ಇಂಚಿನ ಒಂದು ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು ಬೇಕಾಗುವುದು 3600×5400 ಪಿಕ್ಸೆಲ್, ಸುಮಾರು 19 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾ ಅದಕ್ಕೆ ಧಾರಾಳ ಸಾಕು.

ಒಂದೇ ಚಿತ್ರವನ್ನು ಇಡೀ ಹಾಳೆಗೆ ಹರಡಿದಾಗ ಲೆಕ್ಕ ಬದಲಾಗುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. 36 ಇಂಚಿಗೆ ಹಂಚಿದರೆ ಇಂಚಿಗೆ 167 ಉಳಿಯುತ್ತದೆ. ಝಡ್9ರ 45.7 ಮೆಗಾಪಿಕ್ಸೆಲ್ ಚಿತ್ರ 8256 ಪಿಕ್ಸೆಲ್ ಅಗಲ. ಇಂಚಿಗೆ 229 ಸಿಗುತ್ತದೆ. ರೇಷ್ಮೆ ಸೀರೆಯ ಜರಿಯನ್ನು, ಬಾಸಿಂಗದ ಮುತ್ತುಗಳನ್ನು ಹತ್ತಿರದಿಂದ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಾಗಿದ್ದರೆ ಎಣಿಸಿ: ಹತ್ತು ಆಲ್ಬಂಗಳಲ್ಲಿ ಅಂಥ ಹಾಳೆಗಳು ಎಷ್ಟು? ಆಲ್ಬಂಗೆ ಒಂದೋ ಎರಡೋ ಇದ್ದರೆ ಪಿಕ್ಸೆಲ್‌ಗಾಗಿ ಹಣ ಸುರಿಯುವ ಅಗತ್ಯವಿಲ್ಲ. ಕೊಳ್ಳುವುದಕ್ಕೆ ಬೇರೆ ಕಾರಣ ಇರಬೇಕು.

ಚೀಲದೊಳಗಿನ ಲೆನ್ಸ್‌ಗಳನ್ನು ಹರವಿಡಿ

ಹೊಸ ಬಾಡಿ ಎಂದರೆ ಹೊಸ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು 1987ರಿಂದ ಇವೆ. ನಡುವೆ ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಹೊಸ ಆರ್‌ಎಫ್ ಮೌಂಟಿನ ಬಾಡಿಯಲ್ಲಿ ಅವು ಚೆನ್ನಾಗಿಯೇ ಫೋಕಸ್ ಆಗುತ್ತವೆ. ನಿಕಾನ್ ಬಳಸುವವರು ಮಾತ್ರ ಲೆನ್ಸಿನ ಮೇಲಿನ ಅಕ್ಷರಗಳನ್ನು ಓದಬೇಕು. ನಮ್ಮ ಊರುಗಳ ಸ್ಟುಡಿಯೊಗಳಲ್ಲಿ 50 ಎಂಎಂ 1.8ಡಿ ಲೆನ್ಸ್ ಇಲ್ಲದ ಚೀಲ ಅಪರೂಪ. ಈ ‘ಡಿ’ ಲೆನ್ಸ್‌ಗಳ ಬಹುಪಾಲಿನೊಳಗೆ ಮೋಟಾರ್ ಇಲ್ಲ. ಹಳೆಯ ಬಾಡಿಯ ಮೌಂಟಿನಿಂದ ತುಸುವೇ ಹೊರಚಾಚಿದ ಒಂದು ಲೋಹದ ಕಡ್ಡಿ, ಸ್ಕ್ರೂಡ್ರೈವರ್ ತುದಿಯಂಥದ್ದು, ತಿರುಗಿ ಅವನ್ನು ಫೋಕಸ್ ಮಾಡಿಸುತ್ತಿತ್ತು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಕಡ್ಡಿಯೇ ಇಲ್ಲ. ಕೈಯಿಂದ ಉಂಗುರ ತಿರುಗಿಸುತ್ತಾ ಮುಹೂರ್ತ ಹಿಡಿಯುತ್ತೇನೆ ಎನ್ನುವ ಧೈರ್ಯ ಬೇಡ. ಆ ಲೆನ್ಸ್‌ಗಳ ಬದಲಿಗೆ ಕೊಳ್ಳಬೇಕಾದ ಹೊಸ ಲೆನ್ಸ್‌ಗಳ ಬೆಲೆಯನ್ನೂ ಬಾಡಿಯ ಬೆಲೆಗೆ ಸೇರಿಸಿ ಬರೆದುಕೊಳ್ಳಿ.

ಎರಡು ಮದುವೆಗೆ ಬಾಡಿಗೆಗೆ ತನ್ನಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಒಂದು ಮದುವೆ ಸಾಲದು. ಮೊದಲನೆಯದರಲ್ಲಿ ಗುಂಡಿಗಳ ಜಾಗ ಹುಡುಕುವುದರಲ್ಲೇ ದಿನ ಕಳೆದುಹೋಗುತ್ತದೆ. ಎರಡೂ ಸಲ ಹಳೆಯ ಕ್ಯಾಮೆರಾ ಹೆಗಲಲ್ಲೇ ಇರಲಿ. ಗ್ರಾಹಕರ ಮದುವೆ ನಮ್ಮ ಪ್ರಯೋಗಶಾಲೆ ಆಗಬಾರದು.

ಹಿಂದಿನ ದಿನ ವರಪೂಜೆಗೆ ಹೋದಾಗಲೇ ದೀಪದ ಪರೀಕ್ಷೆ ಮುಗಿಸಿಬಿಡಿ. ಬಹುತೇಕ ಸೆನ್ಸರ್‌ಗಳು ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಬರುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ 1/100ಕ್ಕೆ ಇಟ್ಟರೆ ತೊಂದರೆ ತಪ್ಪುತ್ತದೆ. ಮಂಟಪದ ಹಿಂದಿನ ಎಲ್‌ಇಡಿ ಪರದೆ ಹಾಗಲ್ಲ. ಅದು ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತದೆ. ಸೆನ್ಸರ್ ನಿಧಾನವಾಗಿ ಓದಿದರೆ, ದೀಪ ಆರಿದ ಹೊತ್ತಿಗೆ ಓದಿದ ಸಾಲುಗಳು ಕಪ್ಪಾಗಿ ಚಿತ್ರದ ತುಂಬ ಪಟ್ಟೆಗಳು ಮೂಡುತ್ತವೆ.

ಇದನ್ನು ನಾನು ಕಲಿತದ್ದು ನೋವಿನಿಂದ. ಒಂದು ಆರತಕ್ಷತೆಯಲ್ಲಿ ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಬಳಸಿದ್ದೆ. ಗಾಲಿಕುರ್ಚಿಯಲ್ಲಿ ಬಂದ ಅಜ್ಜಿ ಮೊಮ್ಮಗಳ ಕೆನ್ನೆ ಸವರಿ ಲಟಿಗೆ ಮುರಿದರು. ಹಿಂಬದಿಯ ಸಣ್ಣ ತೆರೆಯಲ್ಲಿ ಚಿತ್ರ ಚೆನ್ನಾಗಿಯೇ ಕಂಡಿತು. ರಾತ್ರಿ ಕಂಪ್ಯೂಟರಿನಲ್ಲಿ ತೆರೆದಾಗ ಅಜ್ಜಿಯ ಹಣೆ, ಕಣ್ಣು, ಗಲ್ಲದ ಮೇಲೆ ಬೆರಳಗಲದ ಕಂದು ಪಟ್ಟೆಗಳು. ಸರಿಪಡಿಸಲು ಎರಡು ದಿನ ಕುಳಿತೆ, ಆಗಲಿಲ್ಲ. ಆ ಗಳಿಗೆಯ ಇನ್ನೊಂದು ಚಿತ್ರ ನನ್ನಲ್ಲಿ ಇರಲಿಲ್ಲ.

ಆದ್ದರಿಂದ ಬೆಳಗುತ್ತಿರುವ ಎಲ್‌ಇಡಿ ಪರದೆಯ ಮುಂದೆ ಸಹಾಯಕರನ್ನು ನಿಲ್ಲಿಸಿ 1/125, 1/250, 1/500, 1/1000 ವೇಗಗಳಲ್ಲಿ ಐದೈದು ಚಿತ್ರ ತೆಗೆಯಿರಿ. ಪ್ರತಿಯೊಂದನ್ನೂ ಹಿಗ್ಗಿಸಿ ನೋಡಿ. ಪಟ್ಟೆ ಕಂಡರೆ ಮೆನುವಿನಲ್ಲಿ ಶಟರ್ ವೇಗವನ್ನು ದಶಾಂಶದಷ್ಟು ಸೂಕ್ಷ್ಮವಾಗಿ ಬದಲಿಸುವ ಸೌಲಭ್ಯವನ್ನು ಹುಡುಕಿ; ಮೇಲ್ದರ್ಜೆಯ ಹಲವು ಬಾಡಿಗಳಲ್ಲಿ ಅದು ಇದೆ. ಝಡ್9ರಲ್ಲಿರುವಂಥ ಸ್ಟ್ಯಾಕ್ಡ್ ಸೆನ್ಸರ್ (ಓದುವ ಸರ್ಕ್ಯೂಟುಗಳನ್ನು ಕೆಳಗೆ ಪದರವಾಗಿ ಜೋಡಿಸಿದ್ದು) ಬಹಳ ಬೇಗ ಓದುವುದರಿಂದ ಕಾಟ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. ಗ್ಲೋಬಲ್ ಶಟರ್‌ನಲ್ಲಿ ಪಟ್ಟೆ ಬರುವುದಿಲ್ಲ. ಆದರೆ ದೀಪ ಆರಿದ ಕ್ಷಣಕ್ಕೆ ಶಟರ್ ಬಿದ್ದರೆ ಇಡೀ ಚಿತ್ರ ಮಂಕಾಗಬಹುದು. ಗ್ಲೋಬಲ್ ಶಟರಿಗೆ ತೆರಬೇಕಾದ ಬೆಲೆಯೂ ಉಂಟು: ಸೋನಿಯ ಆ ಬಾಡಿಯಲ್ಲಿ ಮೂಲ ಐಎಸ್‌ಒ (ಬೆಳಕಿಗೆ ಸಂವೇದನೆಯ ಅಳತೆ) 250ರಿಂದ ಆರಂಭ, ನೆರಳಿನ ಭಾಗವನ್ನು ಎತ್ತಿದಾಗ ಕಾಳುಕಾಳಾಗುವುದು ತುಸು ಹೆಚ್ಚು. ಹಗಲಿನ ಹೊರಾಂಗಣದಲ್ಲಿ ಫ್ಲಾಷ್ ಬಳಸುವವರಿಗೆ ಮಾತ್ರ ಅದು ವರವೇ ಸರಿ. ಸೆಕೆಂಡಿನ 1/80000 ವೇಗದವರೆಗೂ ಫ್ಲಾಷ್ ಹೊಂದಿಕೊಳ್ಳುತ್ತದೆ.

ಮರುದಿನ ಮುಹೂರ್ತದಲ್ಲಿ ಕಣ್ಣಿಡಬೇಕಾದದ್ದು ಫೋಕಸ್‌ನ ಮೇಲೆ. ಬಾಸಿಂಗ ಕಟ್ಟಿದ ಮುಖದಲ್ಲಿ ಹಣೆ, ಹುಬ್ಬು ಮುಚ್ಚಿರುತ್ತವೆ. ಯಂತ್ರ ಕಣ್ಣನ್ನು ಗುರುತಿಸುತ್ತದೆಯೇ, ಬಾಸಿಂಗಕ್ಕೆ ಅಂಟಿಕೊಳ್ಳುತ್ತದೆಯೇ? ಅಕ್ಷತೆ ಬೀಳುವಾಗ ಚೌಕ ಮುಖದ ಮೇಲೇ ನಿಂತಿತೇ, ಕಾಳಿನ ಹಿಂದೆ ಓಡಿತೇ? ಓಡಿದರೆ ಫೋಕಸ್ ಬದಲಾಯಿಸುವ ಚುರುಕನ್ನು ತಗ್ಗಿಸಿ ಇನ್ನೊಮ್ಮೆ ನೋಡಿ. ಸೆಕೆಂಡಿಗೆ 20 ಚಿತ್ರ ತೆಗೆಯುವ ಆಸೆಯನ್ನು ಮಾತ್ರ ಹಿಡಿತದಲ್ಲಿಡಿ. ಹತ್ತು ಸೆಕೆಂಡು ಬೆರಳು ಒತ್ತಿದರೆ 200 ಚಿತ್ರ. ಅದರಲ್ಲಿ ಆಲ್ಬಂ ಸೇರುವುದು ಎರಡು. ದಿಬ್ಬಣದಲ್ಲಿ ಡೊಳ್ಳು ಇದ್ದರೆ ಕಲಾವಿದರ ಕೈಯ ಕೋಲನ್ನೂ ಗಮನಿಸಿ. ನೇರ ಕೋಲು ಬಿಲ್ಲಿನಂತೆ ಬಾಗಿ ಕಂಡರೆ ಆ ಸೆನ್ಸರಿನ ಓದು ನಿಮ್ಮ ಕೆಲಸಕ್ಕೆ ನಿಧಾನವಾಯಿತು ಎಂದೇ ಅರ್ಥ.

ಮನೆಗೆ ಬಂದ ಮೇಲೆ

ನಿಮ್ಮ ಕಂಪ್ಯೂಟರಿನಲ್ಲಿರುವ ಫೋಟೊಶಾಪ್ ಹಳೆಯದಾಗಿದ್ದರೆ ಹೊಸ ಬಾಡಿಯ ರಾ ಫೈಲ್ (ಸೆನ್ಸರಿನಿಂದ ಬಂದ, ಸಂಸ್ಕರಿಸದ ಚಿತ್ರ) ತೆರೆಯುವುದೇ ಇಲ್ಲ. ಅದನ್ನು ಹಳೆಯ ಫೋಟೊಶಾಪ್ ಓದಬಲ್ಲ ರೂಪಕ್ಕೆ ತರುವ ಅಡೋಬಿಯವರ ಉಚಿತ ಡಿಎನ್‌ಜಿ ಪರಿವರ್ತಕದಿಂದ ದಾರಿ ಸಿಗುತ್ತದೆ, ಆದರೆ ಪ್ರತಿ ಮದುವೆಗೂ ಒಂದು ಕೆಲಸ ಹೆಚ್ಚು. ಜಾಗದ ಲೆಕ್ಕವನ್ನೂ ಹಾಕಿ. 45 ಮೆಗಾಪಿಕ್ಸೆಲ್‌ನ ಒಂದು ರಾ ಚಿತ್ರ ಸುಮಾರು 50 ಎಂಬಿ ಎಂದಿಟ್ಟುಕೊಂಡರೆ 3000 ಚಿತ್ರಕ್ಕೆ 150 ಜಿಬಿ. ಎರಡು ಪ್ರತಿ ಇಡಲೇಬೇಕು, ಅಲ್ಲಿಗೆ 300. ವರ್ಷಕ್ಕೆ 35 ಮದುವೆ ಎಂದರೆ ಹತ್ತೂವರೆ ಟಿಬಿ. ಕೆಲವು ಬಾಡಿಗಳಲ್ಲಿ ಗುಣಮಟ್ಟ ಅಷ್ಟಾಗಿ ಕೆಡದಂತೆ ಗಾತ್ರ ಇಳಿಸುವ ರಾ ಆಯ್ಕೆ ಇದೆ. ಬಾಡಿಗೆಯ ದಿನಗಳಲ್ಲೇ ಅದನ್ನೂ ಪ್ರಯತ್ನಿಸಿ.

ಮೆಮೊರಿ ಕಾರ್ಡ್ ಇಡುವ ಜಾಗಗಳನ್ನು ನೋಡಲು ಮರೆಯಬೇಡಿ. ಒಂದು ವೇಗದ ಸಿಎಫ್‌ಎಕ್ಸ್‌ಪ್ರೆಸ್, ಇನ್ನೊಂದು ನಿಧಾನದ ಎಸ್‌ಡಿ ಇರುವ ಬಾಡಿಯಲ್ಲಿ ಎರಡಕ್ಕೂ ಒಟ್ಟಿಗೆ ಬರೆಸಿದರೆ ವೇಗ ನಿಧಾನದ ಕಾರ್ಡಿನದೇ ಆಗುತ್ತದೆ.

ಮದುವೆಯ ಕೆಲಸ ಮಾಡದವರಿಗೆ

ಕಬಿನಿ, ನಾಗರಹೊಳೆಯ ಸಫಾರಿಗೆ ಹೋಗುವವರಿಗೆ ಸ್ಟ್ಯಾಕ್ಡ್ ಸೆನ್ಸರ್ ಬಾಡಿಯನ್ನು ನಾನು ಹಿಂಜರಿಯದೆ ಹೇಳುತ್ತೇನೆ. ಶಟರಿನ ಸದ್ದಿಲ್ಲ. ಗುಂಡಿ ಒತ್ತುವುದಕ್ಕೆ ಮೊದಲಿನ ಕ್ಷಣಗಳನ್ನೂ ದಾಖಲಿಸುವ ಸೌಲಭ್ಯ ಇರುವ ಬಾಡಿಯಲ್ಲಿ ಮಿಂಚುಳ್ಳಿ ಕೊಂಬೆ ಬಿಟ್ಟ ಗಳಿಗೆ ತಪ್ಪಿಹೋಗುವುದಿಲ್ಲ. ಆಗ ಚಿತ್ರ ರಾ ರೂಪದಲ್ಲಿ ಸಿಗುತ್ತದೆಯೋ ಜೆಪೆಗ್ ಮಾತ್ರವೋ ಎಂದು ಕೇಳಿಕೊಳ್ಳಿ. ಆಭರಣ, ಸೀರೆ, ಶಿಲ್ಪಗಳ ಚಿತ್ರ ತೆಗೆಯುವವರು ವೇಗವನ್ನು ಬಿಟ್ಟು ಮೀಡಿಯಂ ಫಾರ್ಮ್ಯಾಟ್ ನೋಡಬಹುದು. 2019ರಲ್ಲಿ ಬಂದ ಫ್ಯೂಜಿಯ ಜಿಎಫ್‌ಎಕ್ಸ್ 100ರಂಥ 102 ಮೆಗಾಪಿಕ್ಸೆಲ್ ಬಾಡಿಯ ಸೆನ್ಸರ್ 44×33 ಮಿಲಿಮೀಟರ್, ಫುಲ್‌ಫ್ರೇಮಿನ ಸುಮಾರು 1.7 ಪಟ್ಟು ವಿಸ್ತೀರ್ಣ. ಟ್ರೈಪಾಡಿನ ಮೇಲೆ ನಿಂತು, ಸಮಾಧಾನದಿಂದ ಮಾಡುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಮುಹೂರ್ತಕ್ಕೆ ಬೇಡ.

ಕೊನೆಗೆ ಹಣ

ಬಾಡಿ, ಲೆನ್ಸ್, ಕಾರ್ಡ್, ಬ್ಯಾಟರಿ, ಡಿಸ್ಕ್ ಎಲ್ಲ ಸೇರಿ ಏಳು ಲಕ್ಷ ಎಂದುಕೊಳ್ಳಿ. ಮೂರು ವರ್ಷಕ್ಕೆ 105 ಮದುವೆ; ಮದುವೆಗೆ 6,667 ರೂಪಾಯಿ ಬೀಳುತ್ತದೆ. ಸಾಲದ ಬಡ್ಡಿ ಬೇರೆ. ಮದುವೆಗೆ ಏಳು ಸಾವಿರ ಹೆಚ್ಚು ಕೇಳಿದರೆ ನಿಮ್ಮ ಊರಿನ ಗ್ರಾಹಕರು ಒಪ್ಪುತ್ತಾರೆಯೇ? ಒಪ್ಪದಿದ್ದರೆ ಬಾಡಿಯನ್ನು ದೊಡ್ಡ ಮದುವೆಗಳಿಗೆ ಮಾತ್ರ ಬಾಡಿಗೆಗೆ ತನ್ನಿ, ಉಳಿದ ಹಣಕ್ಕೆ ಒಂದು ಒಳ್ಳೆಯ 70-200 ಎಂಎಂ ಜೂಮ್ ಲೆನ್ಸ್ ಕೊಳ್ಳಿ. ಚಿತ್ರಗಳು ಸುಧಾರಿಸುವುದು ಅದರಿಂದಲೇ ಹೆಚ್ಚು ಎನ್ನುವುದು ನನ್ನ ಅನುಭವ.

ಕೊಳ್ಳುವುದೇ ಆದರೆ ಬಿಲ್ ಇಲ್ಲದ ಬಾಡಿ ಅಗ್ಗಕ್ಕೆ ಸಿಗುತ್ತದೆಂದು ಹೋಗಬೇಡಿ. ವಾರಂಟಿ ಇರುವುದಿಲ್ಲ, ವಿಮೆ ಮಾಡಿಸುವಾಗಲೂ ತೊಡಕಾಗುತ್ತದೆ. ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿಯನ್ನು 2019ರ ಜನವರಿಯಿಂದ ಶೇ 28ರಿಂದ 18ಕ್ಕೆ ಇಳಿಸಲಾಯಿತು. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ, ಕ್ಯಾಮೆರಾಕ್ಕೆ ಕೊಟ್ಟ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯವರಿಗೆ ಆ ಅವಕಾಶ ಇಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿಕೊಳ್ಳಿ. ಆಮೇಲೆ ಬಾಡಿಯ ಮೇಲೆ, ಪೆಟ್ಟಿಗೆಯ ಮೇಲೆ, ಬಿಲ್ಲಿನಲ್ಲಿ ಇರುವ ಸೀರಿಯಲ್ ಸಂಖ್ಯೆ ಒಂದೇ ಎಂದು ಅಂಗಡಿಯಲ್ಲೇ ತಾಳೆ ನೋಡಿ, ಮೂರರ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಹೊರಡಿ.